ಮಲಗಿದ ಗೋಡೆಯನ್ನು ಎಬ್ಬಿಸುವ ಸುಖ

ಗುರುತು ಪರಿಚಯವಿಲ್ಲದವರ ಮನೆ ಕಟ್ಟಲು ಪುಕ್ಕಟೆ ದುಡಿಯುವವರನ್ನು ಕಂಡರೆ ಎರಡೇ ಮಾತು ಕೇಳಿಬರುತ್ತದೆ: ‘ದೊಡ್ಡ ಮನಸ್ಸು’ ಅಥವಾ ‘ಹೆಸರಿನ ಹಪಾಹಪಿ’. ಎರಡೂ ಸೋಮಾರಿ ಉತ್ತರಗಳೇ. ದೊಡ್ಡ ಮನಸ್ಸಷ್ಟೇ ಆಗಿದ್ದರೆ ತನ್ನ ಒಂದು ದಿನದ ಸಂಬಳ ಕೊಟ್ಟು ನುರಿತ ಬಡಗಿಯನ್ನು ಕಳಿಸಬಹುದಿತ್ತು, ಕೆಲಸವೂ ನೆಟ್ಟಗಾಗುತ್ತಿತ್ತು. ಹೆಸರಷ್ಟೇ ಬೇಕಿದ್ದರೆ ಒಂದು ಫೋಟೊ ಸಾಕು. ಬೆರಳಿಗೆ ಸುತ್ತಿಗೆ ಬಡಿಸಿಕೊಂಡವರು ಮುಂದಿನ ವಾರವೂ ಬರುವುದೇಕೆ?

ಕೊಡುವ ಕ್ರಿಯೆಯೇ ಕೊಡುವವನಿಗೆ ಹಿತ ಎಂಬುದನ್ನು ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರಲ್ಲಿ ಅರ್ಥಶಾಸ್ತ್ರದ ಲೆಕ್ಕಕ್ಕೆ ತಂದರು. ಸರಿ, ಆದರೆ ಅದು ಚೆಕ್ಕಿಗೂ ಅನ್ವಯಿಸುತ್ತದೆ. ಬೆವರಿನ ಗುಟ್ಟು ಬೇರೆ.

2010ರಲ್ಲಿ ಅಚ್ಚಾದ ಪ್ರಯೋಗವೊಂದರಲ್ಲಿ ಆಕ್ಸ್‌ಫರ್ಡ್‌ನ 12 ದೋಣಿ ಹುಟ್ಟುಗಾರರನ್ನು ಯಂತ್ರದ ಮೇಲೆ 45 ನಿಮಿಷ ಹುಟ್ಟು ಹಾಕಿಸಿದರು: ಒಂಟಿಯಾಗಿಯೂ, ತಂಡವಾಗಿಯೂ. ಆಮೇಲೆ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಸುತ್ತಿ, ‘ಸಾಕು’ ಎನ್ನುವವರೆಗೆ ಗಾಳಿ ತುಂಬಿದರು. ಶ್ರಮ ಅಷ್ಟೇ, ಆದರೆ ತಂಡದಲ್ಲಿ ದುಡಿದ ದಿನ ನೋವು ತಾಳುವ ಮಿತಿಯಲ್ಲಾದ ಏರಿಕೆ ಒಂಟಿ ದಿನದ ಏರಿಕೆಯ ಸುಮಾರು ದುಪ್ಪಟ್ಟು. ನೋವು ತಗ್ಗಿಸಿ ಹಿತ ಕೊಡುವ ಮಿದುಳಿನ ರಾಸಾಯನಿಕ ಎಂಡಾರ್ಫಿನ್ ನೇರವಾಗಿ ಅಳೆಯಲು ಸುಲಭಕ್ಕೆ ಸಿಗದ ಆಸಾಮಿ. ಅದಕ್ಕೇ ಈ ಅಡ್ಡದಾರಿ, ಹೊಗೆ ನೋಡಿ ಒಲೆ ಉರಿಯುತ್ತಿದೆ ಎಂದ ಹಾಗೆ.

ಈಗ ಮರದ ಮನೆಯ ಗೋಡೆ ನೋಡಿ. 40 ಸೆಂಟಿಮೀಟರಿಗೊಂದು ಕಂಬ ಕೂರಿಸಿ ಚೌಕಟ್ಟನ್ನು ನೆಲದ ಮೇಲೇ ಜೋಡಿಸುತ್ತಾರೆ. ಬುಡ ಜಾರದಂತೆ ಅಂಚಿಗೆ ತಡೆಕಟ್ಟಿಗೆ ಹೊಡೆದು, ಎಲ್ಲರೂ ‘ಐಸಾ’ ಎಂದು ಒಟ್ಟಿಗೆ ಎತ್ತಬೇಕು. ಒಂದು ತುದಿ ಮೊದಲು ಎದ್ದರೆ ಚೌಕಟ್ಟು ತಿರುಚಿಕೊಂಡು ಮೊಳೆ ಸಡಿಲ. ಹುಟ್ಟಿನ ಲಯವೇ ಇದು, ಕವಾಯತಿನ ಹೆಜ್ಜೆಯೇ ಇದು. ಜೊತೆಗೆ ಹೆಚ್ಚಿನದೊಂದು: ಅರ್ಧ ನಿಮಿಷದಲ್ಲಿ ಬಯಲು ಕೋಣೆಯಾಗುತ್ತದೆ!

1976ರಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಅಮೆರಿಕದಲ್ಲಿ ಕಟ್ಟಿದ ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’ ಎಂಬ, ಸ್ವಯಂಸೇವಕರಿಂದ ಮನೆ ಕಟ್ಟಿಸುವ ಸಂಸ್ಥೆಯಲ್ಲಿ ಮನೆ ಪಡೆಯುವವರೂ ದುಡಿಯಲೇಬೇಕು. ಎತ್ತುವ ಕೈಗಳಲ್ಲಿ ಮನೆಯೊಡತಿಯದೂ ಒಂದಿದ್ದರೆ ‘ಉಪಕಾರ’ದ ಮುಜುಗರ ಅಲ್ಲಿಗೇ ಅರ್ಧ ಕರಗುತ್ತದೆ.

ಕೆಡುವುದು ಎಲ್ಲಿ? ‘ಕೈಖರ್ಚಿಗೆ ಏನಾದರೂ ಕೊಡೋಣ’ ಎಂಬಲ್ಲಿ. 2000ದಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞರಾದ ಗ್ನೀಝಿ–ರುಸ್ಟಿಕಿನಿ ಜೋಡಿಯ ಪ್ರಯೋಗದಲ್ಲಿ, ಪುಡಿಗಾಸು ಪಡೆದ ವಿದ್ಯಾರ್ಥಿಗಳು ಏನೂ ಪಡೆಯದವರಿಗಿಂತ ಕಡಿಮೆ ದೇಣಿಗೆ ಸಂಗ್ರಹಿಸಿದರು. ಇನ್ನೊಂದು ಕೇಡು, ಕಾಯಿಸುವುದು. ಹದಿನೈದು ಜನರ ಕೆಲಸಕ್ಕೆ ನಲವತ್ತು ಜನ ಬಂದರೆ ಇಪ್ಪತ್ತೈದು ಮಂದಿ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಅವರು ಮತ್ತೆ ಬರುವುದಿಲ್ಲ. ಹಾಗಾಗಿ ಮರವನ್ನು ಹಿಂದಿನ ಸಂಜೆಯೇ ಕತ್ತರಿಸಿ ಗುರುತು ಹಾಕಿಡಬೇಕು, ಐದಾರು ಜನರಿಗೊಬ್ಬ ಪಳಗಿದ ಮೇಸ್ತ್ರಿ ಬೇಕು. ಮತ್ತೆ, ಎಲ್ಲ ಗೋಡೆಗಳನ್ನೂ ಬೆಳಿಗ್ಗೆಯೇ ನಿಲ್ಲಿಸಿಬಿಡಬಾರದು. ಒಂದನ್ನಾದರೂ ಊಟದ ನಂತರಕ್ಕೆ ಮಲಗಿಸಿಡಬೇಕು.