ಸೆಲ್ಯುಲೈಟ್: ಆ ಹೆಸರಿನ ಅರ್ಥ, ಅದರ ಮಸಾಜ್ ಮತ್ತು ಮಸಾಜ್ ಕಲಿಯುವವರ ತರಬೇತಿ

ತೊಡೆ, ನಿತಂಬ ಮತ್ತು ಕೆಲವೊಮ್ಮೆ ಕೆಳಹೊಟ್ಟೆಯ ಚರ್ಮದ ಮೇಲೆ ಕಾಣಿಸಿಕೊಳ್ಳುವ ಸಣ್ಣ ಸಣ್ಣ ಗುಳಿಗಳಿಗೆ ಮತ್ತು ಉಬ್ಬುತಗ್ಗುಗಳಿಗೆ ಸೆಲ್ಯುಲೈಟ್ ಎಂದು ಹೆಸರು. ಕಿತ್ತಳೆ ಹಣ್ಣಿನ ಸಿಪ್ಪೆಯಂತೆ ಕಾಣುವ ಚರ್ಮ ಎಂದು ಇದನ್ನು ವರ್ಣಿಸುವುದುಂಟು. ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಪದವಿಲ್ಲ. ಕೆಲವರು ಬಳಸುವ ‘ಕೊಬ್ಬಿನ ಗಂಟು’ ಎಂಬ ಮಾತು ಇಲ್ಲಿ ಸಲ್ಲದು, ಏಕೆಂದರೆ ಅದು ಲೈಪೋಮಾ ಎಂಬ ಬೇರೊಂದು ಬೆಳವಣಿಗೆಯನ್ನು ಸೂಚಿಸುತ್ತದೆ. ಆದ್ದರಿಂದ ಈ ಬರಹದಲ್ಲಿ ಸೆಲ್ಯುಲೈಟ್ ಎಂಬ ರೂಪವನ್ನೇ ಉಳಿಸಿಕೊಂಡಿದ್ದೇನೆ.

ಪದದ ಹುಟ್ಟು ಫ್ರೆಂಚ್ ಭಾಷೆಯಲ್ಲಿದೆ. 1873ರಲ್ಲಿ ಲಿತ್ರೆ ಮತ್ತು ರೋಬಿನ್ ಅವರ ವೈದ್ಯಕೀಯ ನಿಘಂಟಿನಲ್ಲಿ ಇದು ದಾಖಲಾದಾಗ, ಚರ್ಮದಡಿಯ ಸಡಿಲ ಅಂಗಾಂಶದ ಉರಿಯೂತ ಎಂಬುದೇ ಇದರ ಅರ್ಥವಾಗಿತ್ತು. ಇಂಗ್ಲಿಷಿನ ರೋಗನಾಮಗಳಲ್ಲಿ ‘ಐಟಿಸ್’ ಎಂಬ ಪ್ರತ್ಯಯ ಮಾಡುವ ಕೆಲಸವನ್ನು ಈ ಫ್ರೆಂಚ್ ಪದದ ಕೊನೆಯ ಭಾಗ ಮಾಡುತ್ತದೆ. ಮುಂದೆ ಫ್ರಾನ್ಸಿನ ಸೌಂದರ್ಯ ಚಿಕಿತ್ಸಾಲಯಗಳಲ್ಲಿ ಅದೇ ಪದ ತೊಡೆಯ ಗುಳಿಗಳಿಗೆ ಅಂಟಿಕೊಂಡಿತು. 1968ರಲ್ಲಿ ಅಮೆರಿಕದ ವೋಗ್ ಎಂಬ ಫ್ಯಾಷನ್ ಪತ್ರಿಕೆಯ ಮೂಲಕ ಅದು ಇಂಗ್ಲಿಷ್ ಓದುಗರಿಗೆ ವ್ಯಾಪಕವಾಗಿ ಪರಿಚಯವಾಯಿತು. ಹತ್ತು ವರ್ಷಗಳ ಬಳಿಕ, 1978ರಲ್ಲಿ, ಜರ್ಮನಿಯ ನ್ಯೂರ್ನ್‌ಬರ್ಗರ್ ಮತ್ತು ಮ್ಯೂಲರ್ ಎಂಬ ಸಂಶೋಧಕರು ಚರ್ಮದ ರಚನೆಯನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಇದನ್ನು ‘ಹುಟ್ಟುಹಾಕಿದ ಕಾಯಿಲೆ’ ಎಂದು ಕರೆದರು. ಪ್ರಾಯಕ್ಕೆ ಬಂದ ಹೆಂಗಸರಲ್ಲಿ ನೂರಕ್ಕೆ 80ರಿಂದ 90 ಮಂದಿಯಲ್ಲಿ ಒಂದಲ್ಲ ಒಂದು ಪ್ರಮಾಣದಲ್ಲಿ ಕಂಡುಬರುವ ಲಕ್ಷಣವನ್ನು ಕಾಯಿಲೆಯೆಂದು ಕರೆಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ ಎಂದು ನನಗೆ ಅನ್ನಿಸುತ್ತದೆ.

ಹೆಸರಿನ ಈ ಹಳೆಯ ನಂಟಿನಿಂದ ಇಂದಿಗೂ ಒಂದು ಅಪಾಯಕರವಾದ ಗೊಂದಲ ಉಳಿದಿದೆ. ಸೆಲ್ಯುಲೈಟಿಸ್ ಎಂಬುದು ಬ್ಯಾಕ್ಟೀರಿಯಾದಿಂದ ಬರುವ ಚರ್ಮದ ಸೋಂಕು. ಅದರಲ್ಲಿ ಚರ್ಮ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ, ಜ್ವರವೂ ಬರಬಹುದು, ಆ್ಯಂಟಿಬಯಾಟಿಕ್ ಚಿಕಿತ್ಸೆ ತಡವಾದರೆ ಸೋಂಕು ರಕ್ತಕ್ಕೆ ಹರಡಬಹುದು. ಸೋಂಕಿರುವ ಕಾಲನ್ನು ಯಾವ ಕಾರಣಕ್ಕೂ ತಿಕ್ಕಬಾರದು, ಅಂಥವರನ್ನು ಮಸಾಜ್ ಮೇಜಿನಿಂದ ನೇರವಾಗಿ ವೈದ್ಯರ ಬಳಿಗೆ ಕಳುಹಿಸಬೇಕು. ಕೊನೆಯಲ್ಲಷ್ಟೇ ವ್ಯತ್ಯಾಸವಿರುವ ಈ ಎರಡು ಪದಗಳನ್ನು ಬಿಡಿಸಿ ಹೇಳುವುದರಿಂದಲೇ ಸೆಲ್ಯುಲೈಟ್ ಮಸಾಜಿನ ಪಾಠ ಶುರುವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಗುಳಿಗಳು ಮೂಡುವ ಬಗೆಯನ್ನು ತಿಳಿಯಲು ನಮ್ಮ ಮನೆಗಳ ಹತ್ತಿಯ ಹಾಸಿಗೆಯನ್ನು ನೆನೆದರೆ ಸಾಕು. ದಾರ ಹಾಕಿ ಬಿಗಿದ ಕಡೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ದಾರಗಳ ನಡುವೆ ಹತ್ತಿ ಮೇಲಕ್ಕೆ ಉಬ್ಬುತ್ತದೆ. ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿಯೂ ಹೀಗೆಯೇ ನಾರಿನಂಥ ಪಟ್ಟಿಗಳು ಒಳಚರ್ಮವನ್ನು ಆಳದ ಪೊರೆಗೆ ಬಿಗಿದಿರುತ್ತವೆ. ಹೆಂಗಸರಲ್ಲಿ ಈ ಪಟ್ಟಿಗಳು ಹೆಚ್ಚಾಗಿ ಚರ್ಮಕ್ಕೆ ನೇರವಾಗಿ ನಿಂತಿರುವುದರಿಂದ ಅವುಗಳ ನಡುವಿನ ಕೊಬ್ಬು ಮೇಲ್ಮುಖವಾಗಿ ಒತ್ತುತ್ತದೆ. ಗಂಡಸರಲ್ಲಿ ಅವು ಓರೆಯಾಗಿ ಒಂದನ್ನೊಂದು ಹಾಯ್ದು ಜಾಲದಂತೆ ಇರುವುದರಿಂದಲೂ, ಚರ್ಮ ದಪ್ಪವಾಗಿರುವುದರಿಂದಲೂ ಗುಳಿಗಳು ಅಪರೂಪ. ಹಾರ್ಮೋನು, ವಂಶಪಾರಂಪರ್ಯ ಮತ್ತು ವಯಸ್ಸು ಇದರಲ್ಲಿ ಪಾಲು ಪಡೆಯುತ್ತವೆ. ತೆಳ್ಳಗಿರುವವರಲ್ಲಿಯೂ ಸೆಲ್ಯುಲೈಟ್ ಇರುತ್ತದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಬೊಜ್ಜಿನ ಗುರುತೆಂದು ತಿಳಿದು ಸಂಕೋಚಪಡುವ ಹೆಣ್ಣುಮಕ್ಕಳು ಬಹಳ ಮಂದಿ.

ಈ ರಚನೆ ಅರ್ಥವಾದರೆ, ಕೈ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೂ ಸ್ಪಷ್ಟವಾಗುತ್ತದೆ. ಹಾಸಿಗೆಯನ್ನು ಎಷ್ಟು ತಟ್ಟಿದರೂ ದಾರ ಕಡಿಯುವುದಿಲ್ಲ. ಹಾಗೆಯೇ ಮಸಾಜಿನಿಂದ ನಾರಿನ ಪಟ್ಟಿಗಳು ತುಂಡಾಗುವುದಿಲ್ಲ, ಕೊಬ್ಬಿನ ಕೋಶಗಳು ‘ಒಡೆದು’ ಹೋಗುವುದಿಲ್ಲ. ಆದರೆ ಆ ಭಾಗದ ರಕ್ತಸಂಚಾರ ಹೆಚ್ಚುತ್ತದೆ, ಅಂಗಾಂಶದಲ್ಲಿ ನಿಂತ ದ್ರವ ಸ್ವಲ್ಪ ಸರಿಯುತ್ತದೆ, ಚರ್ಮ ಕೆಲಕಾಲ ನಯವಾಗಿ ಕಾಣುತ್ತದೆ. ಇದಕ್ಕಾಗಿ ಬಳಸುವ ಕೈಚಳಕಗಳಲ್ಲಿ ಮುಖ್ಯವಾದದ್ದು ಫ್ರೆಂಚರು ‘ಪಾಲ್ಪೇ ರೂಲೇ’ ಎನ್ನುವ ವಿಧಾನ. ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಚರ್ಮದ ಮಡಿಕೆಯೊಂದನ್ನು ಎತ್ತಿ ಹಿಡಿದು, ಅದನ್ನು ಅಲೆಯಂತೆ ಮುಂದಕ್ಕೆ ಉರುಳಿಸುತ್ತ ಹೋಗುವುದು ಇದರ ಕ್ರಮ. ಇದರ ಹಿಂದೆ ಮುಂದೆ ನೀವುವುದು ಮತ್ತು ನಾದುವುದು ಬರುತ್ತವೆ. ಇವುಗಳ ಜೊತೆಗೆ, ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿಗಳು 1930ರ ದಶಕದಲ್ಲಿ ರೂಪಿಸಿದ, ದುಗ್ಧರಸದ (ಲಿಂಫ್) ಹರಿವಿಗೆ ನೆರವಾಗುವ ಬಹಳ ಹಗುರ ಸ್ಪರ್ಶದ ವಿಧಾನವನ್ನೂ ಕಲಿಸುತ್ತಾರೆ. ದುಗ್ಧರಸದ ಸೂಕ್ಷ್ಮ ನಾಳಗಳು ಚರ್ಮಕ್ಕೆ ತೀರ ಹತ್ತಿರದಲ್ಲಿರುವುದರಿಂದ ಅಲ್ಲಿ ಬಲ ಹಾಕುವ ಅಗತ್ಯವಿಲ್ಲ. ಮಡಿಕೆ ಉರುಳಿಸುವ ಇದೇ ತತ್ತ್ವದ ಮೇಲೆ 1980ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಲ್ ಗಿಟೇ ಯಂತ್ರವೊಂದನ್ನು ತಯಾರಿಸಿದರು. ಅದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನೀಡಿದ ಅನುಮತಿಯೂ ಸೆಲ್ಯುಲೈಟ್ ‘ಕಾಣುವಿಕೆ’ಯನ್ನು ‘ತಾತ್ಕಾಲಿಕವಾಗಿ’ ಕಡಿಮೆ ಮಾಡುವುದಕ್ಕೆ ಸೀಮಿತವಾಗಿದೆ. ಆ ಎರಡು ಪದಗಳನ್ನು ಪ್ರತಿಯೊಬ್ಬ ಥೆರಪಿಸ್ಟ್ ತನ್ನ ಗ್ರಾಹಕರಿಗೆ ಹೇಳಲು ಕಲಿಯಬೇಕು.

ಬ್ರಿಟನ್ನಿನಂಥ ಕಡೆ ಈ ತರಬೇತಿ ಹೊಸಬರಿಗೆ ಮೀಸಲಾದದ್ದಲ್ಲ. ದೇಹರಚನೆ ಮತ್ತು ಶರೀರಕ್ರಿಯೆಯ ಪಾಠದೊಂದಿಗೆ ಮೂಲ ಮಸಾಜ್ ಅರ್ಹತೆಯನ್ನು ಮೊದಲೇ ಪಡೆದವರು, ವೃತ್ತಿಯ ಮುಂದುವರಿದ ಕಲಿಕೆಯ ಭಾಗವಾಗಿ, ಒಂದೆರಡು ದಿನಗಳ ಕಿರು ಕೋರ್ಸಾಗಿ ಇದನ್ನು ಸೇರುತ್ತಾರೆ. ಕಲಿತ ವಿಧಾನಕ್ಕೆ ಮಾನ್ಯ ಪ್ರಮಾಣಪತ್ರವಿದ್ದರಷ್ಟೇ ವೃತ್ತಿ ವಿಮೆ ಅನ್ವಯಿಸುವುದು ಇದಕ್ಕೆ ಒಂದು ಕಾರಣ. ಕೈಯ ಕೆಲಸಕ್ಕಿಂತ ಮುಂಚೆ ನಡೆಯುವ ಮಾತುಕತೆಯ ಪಾಠವೇ ಇದರಲ್ಲಿ ಹೆಚ್ಚು ಬೆಲೆಯುಳ್ಳದ್ದು. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ, ವೇರಿಕೋಸ್ ವೇನ್ಸ್ (ಊದಿ ಸುರುಳಿಗೊಂಡ ಅಭಿಧಮನಿಗಳು) ಇವೆಯೇ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ, ಬಸುರಿಯೇ, ಹೃದಯದ ತೊಂದರೆಯಿದೆಯೇ ಎಂದು ಕೇಳಿ ಬರೆದುಕೊಳ್ಳದೆ ಕೈ ಹಚ್ಚಬಾರದು. ಚರ್ಮವನ್ನು ಚಿವುಟಿದಾಗ ಮಾತ್ರ ಗುಳಿ ಕಾಣುವುದು ಮೊದಲ ಹಂತ, ನಿಂತಾಗ ಕಾಣುವುದು ಎರಡನೆಯದು, ಮಲಗಿದಾಗಲೂ ಉಳಿಯುವುದು ಮೂರನೆಯದು ಎಂಬ ನ್ಯೂರ್ನ್‌ಬರ್ಗರ್–ಮ್ಯೂಲರ್ ಶ್ರೇಣಿಯನ್ನೂ ಕಲಿಸುತ್ತಾರೆ. ಎರಡೂ ಕಾಲುಗಳು ಸಮನಾಗಿ ದಪ್ಪವಾಗಿ, ಮುಟ್ಟಿದರೆ ನೋಯುತ್ತ, ಸುಲಭವಾಗಿ ನೀಲಿಗಟ್ಟುತ್ತ, ಪಾದಗಳು ಮಾತ್ರ ಸಣ್ಣಗೆ ಉಳಿದಿದ್ದರೆ ಅದು ಕೊಬ್ಬು ಅಸಹಜವಾಗಿ ಸೇರಿಕೊಳ್ಳುವ ಲಿಪಿಡೀಮಾ ಎಂಬ ತೊಂದರೆ ಇರಬಹುದು. 1940ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ವೈದ್ಯರು ವಿವರಿಸಿದ ಈ ತೊಂದರೆಯನ್ನು ಸೆಲ್ಯುಲೈಟ್ ಎಂದು ಭಾವಿಸಿ ಬಲವಾಗಿ ನಾದುವುದು ಆ ಹೆಣ್ಣುಮಗಳಿಗೆ ಮಾಡುವ ಅನ್ಯಾಯ.

ಪಂಚಕರ್ಮ ಬಲ್ಲ ಕನ್ನಡಿಗರಿಗೆ ಇಲ್ಲಿ ಉದ್ವರ್ತನ ನೆನಪಾಗುವುದು ಸಹಜ. ಒಣ ಚೂರ್ಣವನ್ನು ಕೂದಲಿನ ದಿಕ್ಕಿಗೆ ಎದುರಾಗಿ ಉಜ್ಜುವ ಈ ಕ್ರಮವನ್ನು ಆಯುರ್ವೇದದ ಹಳೆಯ ಗ್ರಂಥವಾದ ಅಷ್ಟಾಂಗಹೃದಯವು ಕಫಹರವೆಂದೂ, ಮೇದಸ್ಸನ್ನು ಕರಗಿಸುವುದೆಂದೂ, ಚರ್ಮಕ್ಕೆ ಕಾಂತಿ ಕೊಡುವುದೆಂದೂ ಹೇಳುತ್ತದೆ. ಆದರೂ ಇವೆರಡನ್ನು ಒಂದೇ ಎಂದು ಫಲಕದಲ್ಲಿ ಬರೆಯುವುದು ಸರಿಯಲ್ಲ. ಮೇದಸ್ಸು ಎಂಬುದು ಆಯುರ್ವೇದದ ಧಾತು ವಿಚಾರಕ್ಕೆ ಸೇರಿದ ಪರಿಕಲ್ಪನೆ, ಸೆಲ್ಯುಲೈಟ್ ಚರ್ಮದ ನಿರ್ದಿಷ್ಟ ಜಾಗದ ಒಂದು ರೂಪಲಕ್ಷಣ. ಉದ್ವರ್ತನದಲ್ಲಿ ಪಳಗಿದವರು ಸೆಲ್ಯುಲೈಟ್ ಮಸಾಜ್ ಕಲಿಯಹೊರಟರೆ ಮಡಿಕೆ ಹಿಡಿದು ಉರುಳಿಸುವ ಬೆರಳುಗಳ ಪಟ್ಟನ್ನು ಹೊಸದಾಗಿಯೇ ಸಾಧಿಸಬೇಕಾಗುತ್ತದೆ. ಮಡಿಕೆಯನ್ನು ಅತಿಯಾಗಿ ಹಿಂಡಿದರೆ ಮರುದಿನ ಚರ್ಮ ನೀಲಿಗಟ್ಟುತ್ತದೆ. ಅದನ್ನು ‘ಕೊಬ್ಬು ಒಡೆದ ಗುರುತು’ ಎಂದು ಗ್ರಾಹಕರಿಗೆ ಹೇಳುವ ರೂಢಿ ಕೆಲವೆಡೆ ಇದೆ, ಆದರೆ ಅದು ಒಡೆದ ಸಣ್ಣ ರಕ್ತನಾಳಗಳ ಗುರುತು.