ಸೊಪ್ಪು ಮನೆ ಬಾಗಿಲಿಗೇ ಬರುವಾಗ ಎಲ್ಲರೂ ಸೇರಿ ತೋಟ ಮಾಡೋದು ಯಾಕೆ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂದು 30-40ರ ಸೈಟು ವರ್ಷಗಳಿಂದ ಖಾಲಿ ಬಿದ್ದಿದೆ. ಕಸ ಸುರಿಯುವವರೇ ಜಾಸ್ತಿ. ಎಲ್ಲರೂ ಸೇರಿ ಅಲ್ಲಿ ತರಕಾರಿ ಬೆಳೆಯೋಣ ಅನ್ನುತ್ತಿದ್ದಾರೆ. ಇದರಿಂದ ನಿಜಕ್ಕೂ ಲಾಭ ಇದೆಯಾ?

ಉತ್ತರ: ದುಡ್ಡಿನ ಲೆಕ್ಕದಲ್ಲಿ ಲಾಭ ಸಣ್ಣದು. ಅಷ್ಟು ಜಾಗದಲ್ಲಿ ಹತ್ತು ಮನೆಗೆ ವರ್ಷವಿಡೀ ತರಕಾರಿ ಬರುವುದಿಲ್ಲ. ಸೊಪ್ಪು ಮಾತ್ರ ಧಾರಾಳವಾಗಿ ಬರುತ್ತದೆ. ಮೆಂತ್ಯ 25-30 ದಿನಕ್ಕೆ ಕೈಗೆ ಸಿಗುತ್ತದೆ. ಬೇಲಿಗೆ ಹಬ್ಬಿಸಿದ ಬಸಳೆ ಕುಯ್ದಷ್ಟೂ ಚಿಗುರುತ್ತದೆ.

ಕಸದ ವಿಷಯಕ್ಕೆ ಬಂದರೆ ಲಾಭ ದೊಡ್ಡದು. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಒಣ ಎಲೆ ಸೇರಿಸಿ ಮುಚ್ಚಿಟ್ಟರೆ ಎರಡು ಮೂರು ತಿಂಗಳಿಗೆ ಗೊಬ್ಬರ. ತೋಟ ಇದ್ದರೆ ಅದನ್ನು ಎಲ್ಲಿ ಹಾಕೋದು ಅನ್ನುವ ಚಿಂತೆಯೂ ಇಲ್ಲ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಊರು ಬಿಟ್ಟು ಮಕ್ಕಳ ಮನೆಗೆ ಬಂದ ಹಿರಿಯರು ನಿಮ್ಮ ಬೀದಿಯಲ್ಲೂ ಇರುತ್ತಾರೆ, ಅಲ್ವಾ? ಹೊಲ ಉತ್ತು ಬಾಳಿದವರು ಇಡೀ ದಿನ ಟಿವಿ ಮುಂದೆ ಕೂತಿರುತ್ತಾರೆ. ಪಾತಿ ಹೇಗೆ ಮಾಡಬೇಕು, ಅವರೆ ಬಳ್ಳಿಗೆ ಚಪ್ಪರ ಹೇಗೆ ಹಾಕಬೇಕು, ಹಣ್ಣಾದ ಬದನೆಯ ಬೀಜವನ್ನು ಬೂದಿಯಲ್ಲಿ ಕಲಸಿ ಹೇಗೆ ಒಣಗಿಸಿಡಬೇಕು, ಇದೆಲ್ಲ ಗೊತ್ತಿರೋದು ಅವರಿಗೆ. ತೋಟದಲ್ಲಿ ಅವರೇ ಮೇಷ್ಟ್ರು. ಮಕ್ಕಳು ಅಜ್ಜನನ್ನು ಹುಡುಕಿಕೊಂಡು ಬರುತ್ತಾರೆ. ಮಕ್ಕಳ ಹಿಂದೆ ಅಪ್ಪ ಅಮ್ಮಂದಿರೂ ಬರುತ್ತಾರೆ. ವರ್ಷಗಟ್ಟಲೆ ಸುಮ್ನೆ ತಲೆಯಾಡಿಸಿ ಹೋಗುತ್ತಿದ್ದವರು ಒಂದು ಕಟ್ಟು ದಂಟು ಹಂಚಿಕೊಳ್ಳುವಾಗ ಹೆಸರು ಕೇಳುತ್ತಾರೆ.

ಒಂದು ಎಚ್ಚರಿಕೆಯೂ ಇದೆ. ನ್ಯೂಯಾರ್ಕಿನಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು 1973ರಲ್ಲಿ ಕಸ ತುಂಬಿದ್ದ ಖಾಲಿ ಜಾಗವನ್ನು ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಅದನ್ನು ನೋಡಿ ಇನ್ನೂ ಎಷ್ಟೋ ತೋಟ ಎದ್ದವು. ಆದರೆ 1999ರಲ್ಲಿ ಅದೇ ನಗರಾಡಳಿತ 100ಕ್ಕೂ ಹೆಚ್ಚು ತೋಟಗಳ ಜಾಗ ಹರಾಜಿಗಿಟ್ಟಿತು. ಎರಡು ಸಂಸ್ಥೆಗಳು ದುಡ್ಡು ಕೊಟ್ಟು ಕೊಂಡಿದ್ದರಿಂದ ಅವು ಉಳಿದವು.

ಹಾಗಾಗಿ ಗುದ್ದಲಿ ಹಿಡಿಯುವ ಮೊದಲು ಸೈಟಿನ ಮಾಲೀಕರ ಹತ್ತಿರ ಹೋಗಿ. ಜಾಗ ಕೈಬಿಟ್ಟು ಹೋದೀತು ಅನ್ನೋದು ಅವರ ಭಯ. ಎಷ್ಟು ವರ್ಷಕ್ಕೆ, ಕೇಳಿದಾಗ ಎಷ್ಟು ದಿನದಲ್ಲಿ ಬಿಟ್ಟುಕೊಡುತ್ತೀರಿ ಅನ್ನೋದನ್ನು ಬರೆದು ಕೊಡಿ. ಮರ ನೆಡಬೇಡಿ. ಕರಿಬೇವು ಬೇಕಿದ್ದರೆ ಡ್ರಮ್ಮಿನಲ್ಲಿ ಬೆಳೆಸಿ, ಹೊರಡುವಾಗ ಜೊತೆಗೇ ಒಯ್ಯಬಹುದು.