ಕಾಗದ ಒಳಗಿದೆ, ಹುಡುಕಿದರೆ ಸಿಗುತ್ತಿಲ್ಲ

ಜುಲೈನ ಒಂದು ಮಧ್ಯಾಹ್ನ ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟದ ಆಫೀಸೊಂದರಿಂದ ಫೋನ್ ಬಂತು. ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದು. ಅದರ ನಡುವೆ ರೈಟರ್ ಗಟ್ಟಿಯಾಗಿ ಮಾತಾಡುತ್ತಿದ್ದರು.

“ಸಾರ್, ಭಾಗಪತ್ರ ಸಿಗ್ತಾ ಇಲ್ಲ. ನಾನೇ ಸ್ಕ್ಯಾನ್ ಮಾಡಿ ಹಾಕಿದ್ದು. ಹೋದ ವರ್ಷ ಇದೇ ಕಂಪ್ಯೂಟರಿಂದ ತೆಗ್ದು ಪ್ರಿಂಟ್ ಕೊಟ್ಟಿದ್ದೆ. ಈಗ ಏನು ಹೊಡೆದ್ರೂ ಸೊನ್ನೆ. ತೋಟದ ಅಮ್ಮ ನಾಳೆ ತಾಲ್ಲೂಕು ಆಫೀಸಿಗೆ ಹೋಗ್ಬೇಕು.”

ತೋಟದಲ್ಲಿ ರೈಟರ್ ಅಂದರೆ ಲೆಕ್ಕ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್, ಕಾಗದಪತ್ರ ಎಲ್ಲ ಅವರ ಕೈಯಲ್ಲಿ. ಇವರು ಇಪ್ಪತ್ತೈದು ವರ್ಷದಿಂದ ಅದೇ ಮೇಜಿನಲ್ಲಿ ಕೂತಿದ್ದಾರೆ. ‘ಹಾಕಿದ್ದೆ’ ಅಂದರೆ ಹಾಕಿರುತ್ತಾರೆ. ಈ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಇದನ್ನೇ. ಹುಡುಕುವವರ ಮಾತನ್ನು ನಂಬಿ ಶುರು ಮಾಡಬೇಕು.

ಕುಶಾಲನಗರದಲ್ಲಿದ್ದುಕೊಂಡು ಜಿಲ್ಲೆಯ ಕೆಲವು ತೋಟದ ಕಂಪನಿಗಳು, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳು, ಸಹಕಾರ ಸಂಘಗಳ ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಇಟ್ಟು ಹುಡುಕುವ ವ್ಯವಸ್ಥೆ, ನೋಡಿಕೊಳ್ಳುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆಗಳೇ ಹೋದಾಗ ಎಷ್ಟೋ ಜನರ ಕಾಗದಗಳೂ ಜೊತೆಗೇ ಹೋದವು. ಆಮೇಲೆ ನಾನು ಹೋಗುವ ಆಫೀಸುಗಳಲ್ಲಿ ಬೀರುಗಟ್ಟಲೆ ಕಡತ ಸ್ಕ್ಯಾನ್ ಆಯಿತು. ಒಳ್ಳೆಯ ಕೆಲಸ. ಆದರೆ ಸ್ಕ್ಯಾನ್ ಆದ ಕಾಗದ ಬೇಕಾದ ದಿನ ಸಿಗದಿದ್ದರೆ ಅದನ್ನು ನಂಬಿದವರಿಗೆ ಎಷ್ಟು ಗಾಬರಿ ಆಗುತ್ತದೆ ಅಂತ ಆ ರೈಟರ್ ದನಿಯಲ್ಲೇ ಗೊತ್ತಾಗುತ್ತಿತ್ತು.

ದೂರು ಸಾಮಾನ್ಯವಾಗಿ ‘ಸರ್ಚ್ ಕೆಲಸ ಮಾಡ್ತಿಲ್ಲ’ ಅಂತಲೇ ಬರುತ್ತದೆ. ಅಷ್ಟು ದೊಡ್ಡ ಮಾತನ್ನು ಹಿಡಿದುಕೊಂಡು ಏನೂ ಮಾಡಲಾಗುವುದಿಲ್ಲ. ನಾನು ಕೇಳುವುದು ಒಂದೇ ಒಂದು ಕಾಗದ. ಅದರ ನಂಬರ್ ಏನು, ಯಾರು ಹಾಕಿದ್ದು, ಯಾವಾಗ, ಈಗ ಯಾರು ಹುಡುಕುತ್ತಿದ್ದಾರೆ, ಸರ್ಚ್ ಪೆಟ್ಟಿಗೆಯಲ್ಲಿ ಏನು ಟೈಪ್ ಮಾಡಿದ್ದಾರೆ. ಟೈಪ್ ಮಾಡಿದ್ದನ್ನು ಬಾಯಲ್ಲಿ ಹೇಳಿದರೆ ಸಾಲದು, ಪರದೆಯ ಫೋಟೋ ಬೇಕು. ಒಂದು ಕಾಗದದ ಬೆನ್ನು ಹಿಡಿದು ಹೋದರೆ ಎಲ್ಲಿ ತಪ್ಪಿದೆ ಅಂತ ತಾನಾಗಿ ಕಾಣುತ್ತದೆ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಸರ್ಚ್ ಮಾಡಿದಾಗ ಸಿಸ್ಟಂ ಬೀರು ತೆಗೆದು ಕಡತ ಓದುವುದಿಲ್ಲ. ಅದು ನೋಡುವುದು ಇಂಡೆಕ್ಸ್ ಅನ್ನು ಮಾತ್ರ. ನಮ್ಮ ಆಫೀಸುಗಳ ಟಪಾಲು ಪುಸ್ತಕ ಇದ್ದ ಹಾಗೆ. ಪತ್ರ ಬೀರುವಿನಲ್ಲಿ ಭದ್ರವಾಗಿರಬಹುದು, ಪುಸ್ತಕದಲ್ಲಿ ನಮೂದು ಆಗದಿದ್ದರೆ ಕೇಳಿದವರಿಗೆ ‘ಬಂದಿಲ್ಲ’ ಅಂತಲೇ ಉತ್ತರ.

ಅದಕ್ಕೇ ರೈಟರ್‌ಗೆ ಹೇಳಿದೆ, “ಸರ್ಚ್ ಬಿಡಿ. ಫೋಲ್ಡರ್ ತೆಗೆದು, ಒಳಗೆ ಹೋಗಿ ನೋಡಿ.” ಭಾಗಪತ್ರ ಅಲ್ಲೇ ಇತ್ತು. “ಈಗ ಪತ್ರದ ನಂಬರ್ ಮಾತ್ರ ಹಾಕಿ ಹುಡುಕಿ.” ಬಂತು. “ಈಗ ಪತ್ರದ ಒಳಗಿರುವ ಒಂದು ಪದ ಹಾಕಿ.” ಸೊನ್ನೆ.

ಈ ಮೂರು ಪ್ರಶ್ನೆಗೆ ಎರಡು ನಿಮಿಷ ಸಾಕು. ಕಾಗದ ಇದೆ, ಇಂಡೆಕ್ಸಿನಲ್ಲಿ ಅದರ ನಂಬರೂ ಇದೆ, ಒಳಗಿನ ಅಕ್ಷರ ಮಾತ್ರ ಸೇರಿಲ್ಲ. ಮೊದಲು ಪ್ರಿಂಟ್ ತೆಗೆದು ಅಮ್ಮನ ಕೈಗೆ ಕೊಡಲು ಹೇಳಿದೆ. ಸಿಸ್ಟಂ ಆಮೇಲೆ ಸರಿಮಾಡಬಹುದು. ತಾಲ್ಲೂಕು ಆಫೀಸಿಗೆ ಹೊರಟವರನ್ನು ಕಾಯಿಸುವುದು ಸರಿಯಲ್ಲ.

ನಂಬರ್ ಹಾಕಿದರೂ ಸಿಗದೇ ಇದ್ದರೆ ದಾರಿ ಬೇರೆ. ಆಗ ಮೊದಲು ನೋಡಬೇಕಾದ್ದು ಅನುಮತಿ. ಒಂದೇ ಪದವನ್ನು ಮ್ಯಾನೇಜರ್ ಹುಡುಕಿದರೆ ಹತ್ತು, ಗುಮಾಸ್ತರು ಹುಡುಕಿದರೆ ಮೂರು ಬರಬಹುದು. ತೆರೆದು ನೋಡಲು ಅನುಮತಿ ಇಲ್ಲದ ಕಡತವನ್ನು ಸಿಸ್ಟಂ ಫಲಿತಾಂಶದಲ್ಲೂ ತೋರಿಸುವುದಿಲ್ಲ, ‘ನಿಮಗೆ ಅನುಮತಿ ಇಲ್ಲ’ ಅಂತ ಹೇಳುವುದೂ ಇಲ್ಲ. ಹಾಗಾಗಿ ದೂರು ಕೊಟ್ಟವರ ಲಾಗಿನ್‌ನಲ್ಲೇ ಪರೀಕ್ಷೆ ಮಾಡಬೇಕು. ಅಡ್ಮಿನ್ ಲಾಗಿನ್‌ನಲ್ಲಿ ನೋಡಿ ‘ನನಗೆ ಬರ್ತಿದೆಯಲ್ಲ’ ಅನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ಯಾರೋ ತಿದ್ದಲೆಂದು ಚೆಕ್‌ಔಟ್ ಮಾಡಿ ವಾಪಸ್ ಚೆಕ್‌ಇನ್ ಮಾಡದೆ ಬಿಟ್ಟ ಕಡತವೂ ಹೀಗೇ, ಅದರ ಹೊಸ ಬದಲಾವಣೆ ಬೇರೆಯವರಿಗೆ ಕಾಣುವುದಿಲ್ಲ.

‘ಹಳೇದೆಲ್ಲ ಸಿಗ್ತದೆ, ಈ ವಾರದ್ದು ಮಾತ್ರ ಇಲ್ಲ’ ಅಂತ ಬಂದರೆ ನಾನು ನೇರ ಡಿಸ್ಕ್ ನೋಡುತ್ತೇನೆ. ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೀಗಾಯಿತು. ಫೆಬ್ರವರಿ ತಿಂಗಳು, ರೋಬಸ್ಟಾ ಬರುವ ಹೊತ್ತು, ದಿನಕ್ಕೆ ನೂರಾರು ಡೆಲಿವರಿ ಚಲನ್ ಸ್ಕ್ಯಾನ್ ಆಗುತ್ತಿತ್ತು. ಅವರ ಸಿಸ್ಟಂನ ಸರ್ಚ್ ನಡೆಯುವುದು ಹುಡುಕಲೆಂದೇ ಇರುವ ಸಾಫ್ಟ್‌ವೇರ್ ಎಲಾಸ್ಟಿಕ್‌ಸರ್ಚ್ ಮೇಲೆ. ಡಿಸ್ಕ್ 95 ಶೇಕಡಾ ತುಂಬಿದರೆ ಅದು ತನ್ನ ಇಂಡೆಕ್ಸಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಮೊದಲೇ ಇಟ್ಟ ಮಿತಿ ಅದು, ಡಿಸ್ಕ್ ಪೂರ್ತಿ ತುಂಬಿ ಇದ್ದದ್ದೂ ಹಾಳಾಗದಿರಲಿ ಅಂತ. ಹುಡುಕುವುದು ನಡೆಯುತ್ತದೆ, ಹೊಸದು ಸೇರುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಹಳೆಯ ಲಾಗ್ ತೆಗೆದು ಜಾಗ ಮಾಡಿದೆವು. ಹೊಸ ಆವೃತ್ತಿಗಳಲ್ಲಿ ಜಾಗ ಆದಮೇಲೆ ಬೀಗ ತಾನಾಗಿ ಬಿಡುತ್ತದೆ, ಹಳೆಯದರಲ್ಲಿ ನಾವೇ ತೆಗೆಯಬೇಕು. ಆಮೇಲೆ ಬಾಕಿ ಉಳಿದ ಚಲನ್‌ಗಳನ್ನಷ್ಟೇ ಮತ್ತೆ ಕಳಿಸಿದರೆ ಸಾಕು.

ಈಗ ಭಾಗಪತ್ರಕ್ಕೆ ಬರೋಣ.

ಕಡತದ ಒಳಗೆ ನಿಜವಾಗಿ ಏನಿದೆ ಅಂತ ತಿಳಿಯಲು ಯಾವ ಸಾಫ್ಟ್‌ವೇರೂ ಬೇಡ. ಪಿಡಿಎಫ್ ತೆರೆಯಿರಿ, ಒಂದು ಸಾಲು ಆಯ್ದು ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಕನ್ನಡ ಕನ್ನಡವಾಗಿಯೇ ಬಂದರೆ ಒಳ್ಳೆಯದು. ಆಯ್ದುಕೊಳ್ಳಲೇ ಆಗದಿದ್ದರೆ ಅದು ಬರೀ ಚಿತ್ರ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಅದು ಹಳೆಯ ಫಾಂಟಿನದು.

ಹಳೆಯ ಫಾಂಟ್ ವಿಷಯ ನಮ್ಮಲ್ಲಿ ತುಂಬಾ ದೊಡ್ಡದು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡದ ಕೆಲಸವೇ ನಡೆಯುತ್ತಿರಲಿಲ್ಲ. ಆಗಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ ಪರದೆಯ ಮೇಲೆ ‘ಕ’ ಕಾಣುತ್ತದೆ, ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಒಂದು ಎ. ಓದುವವರಿಗೆ ‘ಕರಾರು ಪತ್ರ’, ಇಂಡೆಕ್ಸಿಗೆ ಅದು ಯಾವ ಭಾಷೆಯೂ ಅಲ್ಲ. ನೀವು ಇವತ್ತು ಯೂನಿಕೋಡಿನಲ್ಲಿ ‘ಕರಾರು’ ಅಂತ ಟೈಪ್ ಮಾಡಿದರೆ ಎರಡೂ ಎಂದೂ ಸೇರುವುದಿಲ್ಲ. ಇಂಥ ವರ್ಡ್ ಕಡತಗಳನ್ನು ಕನ್ವರ್ಟರ್‌ನಲ್ಲಿ ಯೂನಿಕೋಡಿಗೆ ಬದಲಿಸಿ, ಮೂಲದ ಜೊತೆಗೇ ಇನ್ನೊಂದು ಪ್ರತಿಯಾಗಿ ಇಡುವುದು ಒಳ್ಳೆಯದು. ಮೂಲವನ್ನು ಮಾತ್ರ ಮುಟ್ಟಬೇಡಿ.

ನಮ್ಮ ಭಾಗಪತ್ರ ಕಾಗದದಿಂದ ಸ್ಕ್ಯಾನ್ ಆದದ್ದು, ಅಂದರೆ ಚಿತ್ರ. ಚಿತ್ರದಿಂದ ಅಕ್ಷರ ಎತ್ತುವ ಕೆಲಸ ಓಸಿಆರ್‌ನದು. ಹೋದ ವರ್ಷ ಸಿಗುತ್ತಿತ್ತು ಅಂದಮೇಲೆ ಆಗ ಓಸಿಆರ್ ಸರಿಯಾಗಿಯೇ ಓದಿತ್ತು. ನಡುವೆ ಏನಾಯಿತು ಅಂತ ಕೇಳಿದಾಗ ವಿಷಯ ಹೊರಬಂತು. ಮೇ ತಿಂಗಳಲ್ಲಿ ಹಳೆಯ ಸರ್ವರ್ ಕೆಟ್ಟು ಹೊಸದು ಬಂದಿತ್ತು. ಹಾಕಿಕೊಟ್ಟವರು ಯಾವುದೋ ಸಣ್ಣ ದೂರಿಗೆ ‘ಎಲ್ಲ ರೀಇಂಡೆಕ್ಸ್’ ಗುಂಡಿ ಒತ್ತಿದ್ದರು. ಇವರ ಸಿಸ್ಟಂನಲ್ಲಿ ಓಸಿಆರ್ ಎತ್ತಿದ ಅಕ್ಷರ ಪಿಡಿಎಫ್ ಒಳಗೆ ಉಳಿಯುತ್ತಿರಲಿಲ್ಲ, ಸೀದಾ ಇಂಡೆಕ್ಸಿಗೆ ಹೋಗುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಹಳೆಯದೆಲ್ಲ ಅಳಿಸಿ, ಮೊದಲಿನಿಂದ ಓದಲು ಶುರುವಾಯಿತು. ಹೊಸ ಸರ್ವರಿನಲ್ಲಿದ್ದ ಓಸಿಆರ್ ಸಾಫ್ಟ್‌ವೇರ್ ಟೆಸರಾಕ್ಟ್‌ಗೆ ಕನ್ನಡದ ಭಾಷಾ ಫೈಲನ್ನೇ ಹಾಕಿರಲಿಲ್ಲ. ಭಾಷೆ ಯಾವುದು ಅಂತ ಹೇಳದಿದ್ದರೆ ಟೆಸರಾಕ್ಟ್ ಇಂಗ್ಲಿಷ್ ಅಂದುಕೊಂಡೇ ಓದುತ್ತದೆ. ನಮ್ಮ ದುಂಡು ಅಕ್ಷರಗಳೆಲ್ಲ ಇಂಗ್ಲಿಷಿನ ಓ, ಸೊನ್ನೆ, ಎಂಟು ಆಗಿ ಇಂಡೆಕ್ಸಿನಲ್ಲಿ ಕೂತಿದ್ದವು. ಇಂಗ್ಲಿಷ್ ಕಾಗದಗಳು ಸರಿಯಾಗಿ ಸಿಗುತ್ತಿದ್ದರಿಂದ ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ನಾನು ಕೈಮುಗಿದು ಕೇಳಿಕೊಳ್ಳುವುದು ಇದನ್ನೇ. ಕಾರಣ ತಿಳಿಯದೆ ಪೂರ್ತಿ ರೀಇಂಡೆಕ್ಸ್ ಮಾಡಬೇಡಿ. ಅದು ತಪ್ಪಿನ ಗುರುತನ್ನೂ ಅಳಿಸುತ್ತದೆ, ಸರಿ ಇದ್ದದ್ದನ್ನೂ ಕೆಡಿಸಬಹುದು. ಮಳೆಗಾಲದಲ್ಲಂತೂ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಅರ್ಧಕ್ಕೆ ನಿಂತರೆ ಎಷ್ಟು ಕಡತ ಸೇರಿತು, ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುವುದೇ ಒಂದು ದೊಡ್ಡ ಕೆಲಸ. ಒಂದು ಕಡತ ಮಾಡಿ ನೋಡಿ. ಸರಿಯಾದರೆ ಒಂದು ಫೋಲ್ಡರ್. ಅದು ಸರಿಯಾದರೆ ಮುಂದಿನದು.

ಓಸಿಆರ್ ಸರಿಯಾದ ಮೇಲೂ ಕನ್ನಡದ ಹುಡುಕಾಟದಲ್ಲಿ ಕೆಲವು ತೊಡಕು ಉಳಿಯುತ್ತವೆ. ‘ಕೊಡಗು’ ಅನ್ನುವ ಪದವನ್ನೇ ನೋಡಿ. ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಅದರ ಮುಂದಿನ ಊತ್ವ ಅಂತ ಎರಡು ಚಿಹ್ನೆಯಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕೆಲವು ಪಿಡಿಎಫ್‌ಗಳಿಂದ ಎರಡನೆಯ ರೀತಿ ಬರುತ್ತದೆ. ಆಗ ಕೊಡಗಿನ ಆಫೀಸಿನಲ್ಲಿ ಕೂತು ‘ಕೊಡಗು’ ಅಂತ ಹುಡುಕಿದರೂ ಸಿಗುವುದಿಲ್ಲ. ನಮ್ಮ ಫೀಲ್ಡ್ ಮಾರ್ಷಲ್ ಹೆಸರೂ ಹಾಗೇ. ಒಬ್ಬರು ‘ಕಾರ್ಯಪ್ಪ’ ಅಂತ ಬರೆಯುತ್ತಾರೆ, ಇನ್ನೊಬ್ಬರು ‘ಕಾರ್‍ಯಪ್ಪ’ ಅಂತ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ ಕೂತಿದೆ. ಇವೆರಡಕ್ಕೂ ಮದ್ದು ಒಂದೇ. ಎಲಾಸ್ಟಿಕ್‌ಸರ್ಚ್ ಆದರೆ ಬೇರೆ ಬೇರೆ ಭಾಷೆಯ ಅಕ್ಷರಗಳನ್ನು ಸರಿಹೊಂದಿಸುವ ಐಸಿಯು ಅನ್ನುವ ಪ್ಲಗಿನ್ ಹಾಕಿ ನಾರ್ಮಲೈಸೇಷನ್ ಚಾಲೂ ಮಾಡಬೇಕು. ಇಂಡೆಕ್ಸಿಗೆ ಹೋಗುವ ಪದ, ಹುಡುಕುವ ಪದ ಎರಡೂ ಒಂದೇ ರೂಪಕ್ಕೆ ಬಂದು ಸೇರುತ್ತವೆ. ಇದನ್ನು ಹಾಕಿದರೆ ಮಾತ್ರ ಮತ್ತೆ ಇಂಡೆಕ್ಸ್ ಮಾಡಲೇಬೇಕು. ಆಗ ಅದಕ್ಕೆ ಕಾರಣ ಇರುತ್ತದೆ.

ಹೆಸರುಗಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಂಗ್ಲಿಷಿನಲ್ಲಿ ಕಾರ್ಯಪ್ಪ ಅನ್ನುವುದನ್ನು ಸಿ ಇಂದಲೂ ಬರೆಯುತ್ತಾರೆ, ಕೆ ಇಂದಲೂ ಬರೆಯುತ್ತಾರೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಡಗು ಬೇರೆ ರಾಜ್ಯವಾಗಿತ್ತು, ಆಗಿನ ಇಂಗ್ಲಿಷ್ ಕಾಗದಗಳಲ್ಲಿ ಇರುವುದು ಕೂರ್ಗ್ ಮತ್ತು ಮರ್ಕೆರಾ. ಮಡಿಕೇರಿ ಅಂತ ಹುಡುಕಿದವರಿಗೆ ಮರ್ಕೆರಾ ಹೇಗೆ ಸಿಗಬೇಕು? ಸಮಾನ ಪದಗಳ ಪಟ್ಟಿ ಮಾಡಿ ಸಿಸ್ಟಂಗೆ ಕೊಡಬೇಕು. ಈ ಪಟ್ಟಿಯನ್ನು ಬೆಂಗಳೂರಿನಲ್ಲಿ ಕೂತ ಪ್ರೋಗ್ರಾಮರ್ ಮಾಡಲಾರರು. ಊರು, ಮನೆತನ, ತೋಟದ ಹಳೆ ಹೆಸರು ಗೊತ್ತಿರುವ ರೈಟರ್ ಒಂದು ಮಧ್ಯಾಹ್ನ ಕೂತರೆ ಆಗುತ್ತದೆ. ಹುಡುಕುವ ಹೊತ್ತಿಗೆ ಅನ್ವಯ ಆಗುವ ಹಾಗೆ ಹಾಕಿದರೆ ರೀಇಂಡೆಕ್ಸ್ ಕೂಡ ಬೇಡ.

ಇನ್ನೊಂದು ನಮ್ಮ ವಿಭಕ್ತಿ. ತೋಡು ಅಂದರೆ ನಮ್ಮ ಕಡೆ ಸಣ್ಣ ಹಳ್ಳ. ಪತ್ರದಲ್ಲಿ ‘ತೋಡಿನ’ ಅಂತ ಇದ್ದರೆ ‘ತೋಡು’ ಅಂತ ಹುಡುಕಿದವರಿಗೆ ಸಿಗುವುದಿಲ್ಲ. ಇಂಗ್ಲಿಷ್ ಪದದ ಬಾಲ ಕತ್ತರಿಸಿ ಹೊಂದಿಸುವ ವ್ಯವಸ್ಥೆ ನಾನು ನೋಡಿಕೊಳ್ಳುವ ಸಿಸ್ಟಂಗಳಲ್ಲಿದೆ, ಕನ್ನಡಕ್ಕೆ ಇಲ್ಲ. ಅದಕ್ಕೆ ನಕ್ಷತ್ರ ಚಿಹ್ನೆ ಬಳಸಿ. ಆದರೆ ‘ತೋಡು*’ ಅಂದರೆ ಸಾಲದು, ಕೊನೆಯ ಕೊಂಬು ಬಿಟ್ಟು ‘ತೋಡ*’ ಅನ್ನಬೇಕು. ಆಗ ತೋಡು, ತೋಡಿನ, ತೋಡಿಗೆ ಎಲ್ಲ ಬರುತ್ತವೆ. ಇದೊಂದನ್ನು ಹೇಳಿಕೊಟ್ಟರೆ ಆಫೀಸಿನವರ ಅರ್ಧ ದೂರು ಕಡಿಮೆ ಆಗುವುದನ್ನು ನೋಡಿದ್ದೇನೆ.

ಸರ್ವೆ ನಂಬರಿನ ಓರೆ ಗೀಟೂ ತೊಂದರೆ ಕೊಡುತ್ತದೆ. 45/2 ಅಂತ ಹಾಗೇ ಹೊಡೆದರೆ ಕೆಲವು ಸಿಸ್ಟಂ ಅದನ್ನು 45 ಮತ್ತು 2 ಅಂತ ಒಡೆದು ಊರಿನ ಕಾಗದವನ್ನೆಲ್ಲ ತಂದು ಸುರಿಯುತ್ತವೆ. ಲೂಸೀನ್ ಅನ್ನುವ ಸರ್ಚ್ ಸಾಫ್ಟ್‌ವೇರ್ ಆಧಾರದ ಸಿಸ್ಟಂಗಳಲ್ಲಿ ಓರೆ ಗೀಟಿಗೆ ಬೇರೆಯೇ ಅರ್ಥ ಇದೆ, ಕೆಲವೊಮ್ಮೆ ದೋಷ ಅಂತಲೇ ಬರುತ್ತದೆ. ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಹುಡುಕಿ. ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್, ಲೆಕ್ಕದ ವರ್ಷ ಏಪ್ರಿಲಿನಿಂದ ಮಾರ್ಚ್. ‘2018-19’ ಅಂದರೆ ಯಾವುದು ಅಂತ ಆಫೀಸಿನವರೆಲ್ಲ ಮೊದಲೇ ಒಂದು ತೀರ್ಮಾನಕ್ಕೆ ಬಂದಿರಬೇಕು.

ಸಿದ್ದಾಪುರದ ಸರ್ವರಿಗೆ ಅವತ್ತು ಸಂಜೆ ಕನ್ನಡದ ಭಾಷಾ ಫೈಲ್ ಹಾಕಿದೆ. ಭಾಗಪತ್ರ ಒಂದನ್ನೇ ಮತ್ತೆ ಓದಿಸಿದೆ. ಸರಿ ಬಂತು. ರಾತ್ರಿ ಜಮೀನಿನ ಫೋಲ್ಡರ್ ಮಾತ್ರ ಓಡಲು ಬಿಟ್ಟೆ, ಈ ಸಲ ಅಕ್ಷರ ಪಿಡಿಎಫ್ ಒಳಗೂ ಉಳಿಯುವ ಹಾಗೆ. ಎರಡು ಗಂಟೆಗೆ ಕರೆಂಟ್ ಹೋಯಿತು, ಯುಪಿಎಸ್ ತಡೆಯಿತು.

ಬೆಳಿಗ್ಗೆ ರೈಟರ್ ಕರೆ ಮಾಡಿದರು. ಚೆಕ್ಕುಬಂದಿಯ ಸಾಲು ನೆನಪಿಟ್ಟುಕೊಂಡು ‘ತೋಡ*’ ಅಂತ ಹೊಡೆದಿದ್ದರು. “ಭಾಗಪತ್ರ ಮೊದಲನೇದು ಬಂತು ಸಾರ್. ಅದರ ಕೆಳಗೆ ಇನ್ನೂ ನಾಲ್ಕು ಪತ್ರ ಇದೆ, ನಂಗೇ ಮರ್ತು ಹೋಗಿತ್ತು.” ಆಮೇಲೆ ಕೈಬರಹದ ಹಳೆ ಚೆಕ್‌ರೋಲ್‌ಗಳ ವಿಷಯ ಕೇಳಿದರು. ಅದನ್ನು ಈ ಓಸಿಆರ್ ನಂಬುವ ಹಾಗೆ ಓದುವುದಿಲ್ಲ ಅಂತ ಇದ್ದದ್ದನ್ನೇ ಹೇಳಿದೆ. ತೋಟದ ಹೆಸರು, ವರ್ಷ, ತಿಂಗಳು, ಮೇಸ್ತ್ರಿಯ ಹೆಸರು, ಈ ನಾಲ್ಕನ್ನು ಕೈಯಲ್ಲೇ ತುಂಬಬೇಕು. “ಮಳೆ ಇರೋವಾಗ ಹೇಗೂ ತೋಟದಲ್ಲಿ ಕೆಲಸ ಕಮ್ಮಿ. ದಿನಕ್ಕೆ ಹತ್ತು ಪುಸ್ತಕ ಮಾಡ್ತೇನೆ,” ಅಂದರು. ಮೊನ್ನೆ ಹೋದಾಗ 1987ರವರೆಗೆ ಬಂದಿದ್ದರು.